ಯಾವ ಬಾವಿಯ ಲೆಕ್ಕ, ಮೊದಲು ಕೇಳು

ತಮ್ಮಾ, ಜವಳಗೇರಾದ ಹುಡುಗ ಕೃಷ್ಣಾ-ಗೋದಾವರಿ ಕಣಿವೆಯ ತೈಲದ ಕೆಲಸಕ್ಕೆ ಕಾಕಿನಾಡಕ್ಕೆ ಹೊರಟಿದ್ದಾನೆಂದರೆ ಊರಿಗೆಲ್ಲ ಹೆಮ್ಮೆ. ನೆಲದೊಳಗಿನ ಎಣ್ಣೆಯ ಗುಣ ಹೇಳುವ ಮಷೀನ್ ಲರ್ನಿಂಗ್ ಮಾಡೆಲ್ ಕಟ್ಟುವುದು ನಿನ್ನ ಕೆಲಸವಂತೆ. ಅದೇ ಎಣ್ಣೆಯನ್ನು ಲ್ಯಾಬಿನಲ್ಲಿ ಪರೀಕ್ಷಿಸುತ್ತ ನೌಕರಿ ಮುಗಿಸಿದವನು ನಾನು. ನಾಲ್ಕು ಮಾತು ಕೇಳಿಸಿಕೊಂಡು ಹೋಗು.

ಮೊದಲು, ನೀನು ಊಹಿಸುವ ಅಂಕಿ ಎಲ್ಲಿ ಹುಟ್ಟುತ್ತದೆಂದು ಕಣ್ಣಾರೆ ನೋಡು. ಬಾವಿಯ ತಳದಿಂದ ಒತ್ತಡ ಬಿಡದಂತೆ ತಂದ ಸ್ಯಾಂಪಲನ್ನು ಉಕ್ಕಿನ ಸೆಲ್‌ಗೆ ತುಂಬಿ, ತಳದಷ್ಟೇ ಬಿಸಿಯಲ್ಲಿಟ್ಟು, ಒತ್ತಡವನ್ನು ಹಂತಹಂತವಾಗಿ ಇಳಿಸುತ್ತಾರೆ. ಆರಂಭದಲ್ಲಿ ಎಣ್ಣೆ ತುಸುವೇ ಹಿಗ್ಗುತ್ತದೆ. ಕರಗಿದ್ದ ಗ್ಯಾಸ್ ಹೊರಬೀಳತೊಡಗಿದ ಕೂಡಲೇ ಒತ್ತಡ-ಗಾತ್ರದ ಗ್ರಾಫಿನ ಗೆರೆ ಬಾಗುತ್ತದೆ. ಅದೇ ಬಬಲ್ ಪಾಯಿಂಟ್. ಅದರ ಕೆಳಗೆ ಒತ್ತಡ ಇಳಿದಷ್ಟೂ ಎಣ್ಣೆಯಲ್ಲಿ ಕರಗಿರುವ ಗ್ಯಾಸ್ ಕಡಿಮೆಯಾಗಲೇಬೇಕು. ನಿನ್ನ ಮಾಡೆಲ್ ಹೆಚ್ಚಾಯಿತೆಂದು ಹೇಳಿದರೆ, ಸರಾಸರಿ ತಪ್ಪು ಎಷ್ಟೇ ಕಡಿಮೆಯಿರಲಿ, ಅದನ್ನು ಬದಿಗಿಡು.

ಈ ಪರೀಕ್ಷೆಗೆ ದಿನಗಳೂ ಹಿಡಿಯುತ್ತವೆ, ದುಡ್ಡೂ ಹಿಡಿಯುತ್ತದೆ. ಎಲ್ಲ ಬಾವಿಯ ಸ್ಯಾಂಪಲ್ ಸಿಗುವುದೂ ಇಲ್ಲ. ಅದಕ್ಕೇ ಪರೀಕ್ಷೆಯಿಲ್ಲದೆ ಅಂದಾಜಿಸುವ ಸೂತ್ರಗಳು ಬಂದವು. 1947ರಲ್ಲಿ ಸ್ಟ್ಯಾಂಡಿಂಗ್ ಎಂಬುವರು ಕ್ಯಾಲಿಫೋರ್ನಿಯಾದ 22 ಎಣ್ಣೆ-ಗ್ಯಾಸ್ ಮಿಶ್ರಣಗಳ 105 ಅಳತೆಗಳ ಮೇಲೆ ಒಂದು ಸೂತ್ರ ಕಟ್ಟಿದರು. 1980ರಲ್ಲಿ ಗ್ಲಾಸೋ ಉತ್ತರ ಸಮುದ್ರದ ಎಣ್ಣೆಗೆ, 1988ರಲ್ಲಿ ಅಲ್-ಮರ್ಹೂನ್ ಮಧ್ಯಪ್ರಾಚ್ಯದ ಎಣ್ಣೆಗೆ ಬೇರೆಯದೇ ಸೂತ್ರ ಬರೆಯಬೇಕಾಯಿತು. ನ್ಯೂರಲ್ ನೆಟ್‌ವರ್ಕ್ ಬಂದರೂ ಈ ಪಾಡು ತಪ್ಪಲಿಲ್ಲ. ರಾಜಸ್ಥಾನದ ಬಾರ್ಮೇರಿನ ಮಂಗಳಾ ಕ್ಷೇತ್ರದ ಎಣ್ಣೆಯಲ್ಲಿ ಮೇಣ ಎಷ್ಟಿದೆಯೆಂದರೆ, ಪೈಪ್‌ಲೈನನ್ನು ಉದ್ದಕ್ಕೂ ಬಿಸಿಯಾಗಿಟ್ಟೇ ಸಾಗಿಸಬೇಕು. ತೆಳು ಎಣ್ಣೆಯ ಲೆಕ್ಕವನ್ನಷ್ಟೇ ಕಲಿತ ಮಾಡೆಲ್‌ಗೆ ಅದನ್ನು ಕೊಟ್ಟರೂ ತಡವರಿಸದೆ ಉತ್ತರ ಹೇಳುತ್ತದೆ. ಸಿಂಧನೂರಿನ ಎಪಿಎಂಸಿಯಲ್ಲಿ ಭತ್ತಕ್ಕೆ ಹೊಂದಿಸಿದ ತೇವಾಂಶ ಮೀಟರಿಗೆ ಜೋಳ ಸುರಿದರೂ ಅಂಕಿ ಬರುತ್ತದಲ್ಲ, ಹಾಗೆ.

ಇನ್ನೊಂದು. ಒಂದೇ ಸ್ಯಾಂಪಲ್, ಹಂತಕ್ಕೊಂದರಂತೆ ಹತ್ತಾರು ಸಾಲು ಡೇಟಾ ಕೊಡುತ್ತದೆ. ಸಾಲುಗಳನ್ನೆಲ್ಲ ಕಲಸಿ, ಕೆಲವನ್ನು ಕಲಿಸಲು, ಕೆಲವನ್ನು ಪರೀಕ್ಷಿಸಲು ಇಟ್ಟರೆ ಅದೇ ಎಣ್ಣೆ ಎರಡೂ ಕಡೆ ಬೀಳುತ್ತದೆ. ಫಲಿತಾಂಶ ಮೀಟಿಂಗಿನಲ್ಲಿ ಮಿಂಚುತ್ತದೆ, ಹೊಸ ಬಾವಿಯಲ್ಲಿ ಮುಗ್ಗರಿಸುತ್ತದೆ. ಪರೀಕ್ಷೆಗೆ ಬಾವಿಗಳನ್ನೇ ಪೂರ್ತಿಯಾಗಿ ತೆಗೆದಿಡು.

ತಪ್ಪಿನ ಬೆಲೆಯನ್ನೂ ಲೆಕ್ಕ ಹಾಕಿಕೋ. ಮೇಲೆ ಬಂದ ಎಣ್ಣೆ ಗ್ಯಾಸ್ ಕಳೆದುಕೊಂಡು ಕುಗ್ಗುತ್ತದೆ. ಕೆಳಗೆ 10 ಕೋಟಿ ಬ್ಯಾರೆಲ್ ಇದೆಯೆನ್ನು. ಮೇಲಿನ 1 ಬ್ಯಾರೆಲ್‌ಗೆ ಕೆಳಗಿನ 1.25 ಬೇಕೆಂದರೆ ಅದು 8 ಕೋಟಿ. 1.40 ಬೇಕೆಂದರೆ ಸುಮಾರು 7 ಕೋಟಿ 14 ಲಕ್ಷ. ದಶಾಂಶದಾಚೆಯ ಆ ಸಣ್ಣ ವ್ಯತ್ಯಾಸದಲ್ಲಿ 86 ಲಕ್ಷ ಬ್ಯಾರೆಲ್ ಕಾಗದದ ಮೇಲೆ ಹುಟ್ಟುತ್ತದೆ, ಇಲ್ಲವೇ ಸಾಯುತ್ತದೆ.

ಆದ್ದರಿಂದ ಮಾಡೆಲ್ ಒಪ್ಪಿಸುವಾಗ ಅದು ಯಾವ ಕ್ಷೇತ್ರದ, ಎಷ್ಟು ಸ್ಯಾಂಪಲಿನ, ಯಾವ ಒತ್ತಡ-ಉಷ್ಣತೆಯ ಮಿತಿಯೊಳಗಿನ ಡೇಟಾದಿಂದ ಕಲಿತದ್ದೆಂದು ಮೊದಲ ಪುಟದಲ್ಲೇ ಬರೆ. ಮಿತಿ ದಾಟಿದ ಬಾವಿ ಬಂದರೆ ‘ಇದಕ್ಕೆ ಸ್ಯಾಂಪಲ್ ಬೇಕು’ ಎನ್ನಲು ಹಿಂಜರಿಯಬೇಡ. ಸಾಹೇಬರಿಗೆ ಆ ಮಾತು ಅಂದು ರುಚಿಸದಿರಬಹುದು. ಆದರೂ ಒಂದು ಸ್ಯಾಂಪಲಿನ ಖರ್ಚು, ತಪ್ಪು ಲೆಕ್ಕ ನಂಬಿ ಕೊರೆದ ಬಾವಿಯ ಖರ್ಚಿನ ಮುಂದೆ ಏನೇನೂ ಅಲ್ಲ.