ಕಾರ್ಡು ನಮ್ಮದು, ಲೈಸೆನ್ಸ್ ಯಾರದು?

ನಮ್ಮ ಮನೆಯ ಉಳಿತಾಯದ ಲೆಕ್ಕದಲ್ಲಿ ಮ್ಯೂಚುವಲ್ ಫಂಡ್, ಚಿನ್ನ, ಮಗನ ಕಾಲೇಜು ಖಾತೆ ಇವುಗಳ ಜತೆಗೆ ಬಾಸ್ಕೆಟ್‌ಬಾಲ್ ಕಾರ್ಡುಗಳಿಗೂ ಒಂದು ಪುಟವಿದೆ. ನಾವಿರುವುದು ಟೆಕ್ಸಸ್‌ನ ಅರ್ವಿಂಗ್‌ನಲ್ಲಿ. ಕಾರ್ಡು ಮಾಡುವ ಇಟಲಿ ಮೂಲದ ಪಾನಿನಿ ಕಂಪನಿಯ ಅಮೆರಿಕ ಕಚೇರಿ ಇರುವುದೂ ಇದೇ ಊರಿನಲ್ಲಿ. ಮಗನಿಗೆ ಕಾರ್ಡಿನ ಹುಚ್ಚು ಹತ್ತಿದ ಮೇಲೆ ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಹೋದ ಸಲ ಮೈಸೂರಿನಿಂದ ಬಂದಿದ್ದ ಭಾವ ಆ ಪುಟ ನೋಡಿ, "ಇದಕ್ಕೂ ದುಡ್ಡು ಹಾಕಬಹುದೇನಯ್ಯಾ?" ಅಂದರು. "ಹಾಕಬಹುದು ಭಾವ. ಆದರೆ ಆಟಗಾರನ ಫಾರ್ಮ್ ನೋಡೋಕ್ಕಿಂತ ಮೊದಲು ಲೈಸೆನ್ಸ್ ಯಾರ ಕೈಯಲ್ಲಿದೆ ಅಂತ ನೋಡಬೇಕು" ಅಂದೆ. ಅವರಿಗೆ ಅಂದು ಊಟದ ಹೊತ್ತಿನಲ್ಲಿ ಹೇಳಿದ್ದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ಒಂದು ಕಾರ್ಡು ಹೊರಬರಬೇಕಾದರೆ ಸಾಮಾನ್ಯವಾಗಿ ಎರಡು ಕಡೆಯ ಒಪ್ಪಿಗೆ ಬೇಕು. ತಂಡದ ಹೆಸರು, ಲೋಗೊ, ಜೆರ್ಸಿಗೆ ಲೀಗ್‌ನ ಒಪ್ಪಿಗೆ. ಆಟಗಾರರ ಹೆಸರು, ಮುಖಕ್ಕೆ ಅವರ ಸಂಘದ ಒಪ್ಪಿಗೆ. ಎರಡನೆಯದು ಮಾತ್ರ ಇದ್ದರೆ ಏನಾಗುತ್ತದೆ ಎಂಬುದನ್ನು ಪಾನಿನಿಯ ಬೇಸ್‌ಬಾಲ್ ಕಾರ್ಡುಗಳಲ್ಲಿ ನೋಡಬಹುದು. ಆಟಗಾರ ಇದ್ದಾನೆ, ಹೆಸರಿದೆ, ಟೋಪಿಯ ಮೇಲಿನ ಲೋಗೊ ಮಾತ್ರ ಅಳಿಸಿಹೋಗಿದೆ. ಅಂಥ ಕಾರ್ಡು ಮಾರುವಾಗ ಕೈಗೆ ಬರುವ ಬೆಲೆಯೂ ಸಾಮಾನ್ಯವಾಗಿ ಕಡಿಮೆಯೇ.

ಇಲ್ಲಿಂದ ಅಷ್ಟೇನೂ ದೂರವಿಲ್ಲದ ಆಲನ್‌ನಲ್ಲಿ ಡಲ್ಲಾಸ್ ಕಾರ್ಡ್ ಶೋ ನಡೆಯುತ್ತದೆ. ಅಲ್ಲೊಂದು ಮೇಜಿನ ಗಾಜಿನ ಪೆಟ್ಟಿಗೆಯೊಳಗೆ ಬಾಸ್ಕೆಟ್‌ಬಾಲ್ ಆಟಗಾರ ವಿಕ್ಟರ್ ವೆಂಬನ್ಯಾಮಾನ ಎರಡು ಕಾರ್ಡು ಅಕ್ಕಪಕ್ಕ ಇದ್ದವು. ಒಂದು ಪಾನಿನಿಯ ಪ್ರಿಜ್ಮ್ ಸರಣಿಯ ರೂಕಿ ಕಾರ್ಡು, ಅಂದರೆ ಆಟಗಾರನ ಮೊದಲ ವರ್ಷದ ಕಾರ್ಡು. ಬೆಳಕಿಗೆ ಹಿಡಿದರೆ ಕಾಮನಬಿಲ್ಲಿನಂತೆ ಹೊಳೆಯುತ್ತದೆ, ಮೈಮೇಲೆ ಸ್ಯಾನ್ ಆಂಟೋನಿಯೊ ಸ್ಪರ್ಸ್ ಜೆರ್ಸಿ ಇದೆ, ಸಹಿ ಇಲ್ಲ. ಇನ್ನೊಂದು ಟಾಪ್ಸ್ ಕಂಪನಿಯದು. ಅದರಲ್ಲಿ ಅವನ ಸಹಿ ಇದೆ, ಸ್ಪರ್ಸ್ ಜೆರ್ಸಿ ಇಲ್ಲ. 2023ರಲ್ಲಿ ಅವನು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಗೆ ಬಂದಾಗ ಲೀಗ್‌ನ ಲೈಸೆನ್ಸ್ ಪಾನಿನಿಯ ಕೈಯಲ್ಲಿತ್ತು, ಸಹಿಯ ಒಪ್ಪಂದ ಟಾಪ್ಸ್‌ನ ಒಡೆತನ ಹೊಂದಿರುವ ಫೆನಾಟಿಕ್ಸ್ ಕೈಯಲ್ಲಿ. ಇಷ್ಟು ದೊಡ್ಡ ಆಟಗಾರನ ಮೊದಲ ವರ್ಷದ ಜೆರ್ಸಿಯೂ ಸಹಿಯೂ ಒಂದೇ ಕಾರ್ಡಿನಲ್ಲಿ ಸಿಗಲಿಲ್ಲ. ಮಗ ಗಾಜಿಗೆ ಮೂಗು ತಾಗಿಸಿಕೊಂಡು ನೋಡುತ್ತಲೇ ನಿಂತ. "ಅಪ್ಪ, ಇದರಲ್ಲಿ ಯಾವುದು ನಿಜವಾದ ರೂಕಿ ಕಾರ್ಡು?" ಎಂದು ಕೇಳಿದ. ಮಾರುವವರ ನಡುವೆಯೇ ಆ ಬಗ್ಗೆ ಒಮ್ಮತ ಇರಲಿಲ್ಲ.

ಈ ಒಡಕು ಹೊಸದಲ್ಲ. ಎನ್‌ಬಿಎ ಆಟಗಾರ ಲೆಬ್ರಾನ್ ಜೇಮ್ಸ್‌ನ ಸಹಿಯ ಹಕ್ಕು ಅಪ್ಪರ್ ಡೆಕ್ ಎಂಬ ಕಾರ್ಡು ಕಂಪನಿಯ ಬಳಿ ಇತ್ತು. 2009ರಲ್ಲಿ ಎನ್‌ಬಿಎ ಲೈಸೆನ್ಸ್ ಪಾನಿನಿಗೆ ಮಾತ್ರ ಹೋದ ಮೇಲೆ, ವರ್ಷಗಟ್ಟಲೆ ಪಾನಿನಿಯ ಪ್ಯಾಕುಗಳಲ್ಲಿ ಲೆಬ್ರಾನ್ ಇದ್ದ, ಅವನ ಸಹಿ ಇರಲಿಲ್ಲ.

2021ರ ಆಗಸ್ಟ್‌ನಲ್ಲಿ ಆದದ್ದು ಇದಕ್ಕಿಂತ ದೊಡ್ಡದು. ಬೇಸ್‌ಬಾಲ್, ಬಾಸ್ಕೆಟ್‌ಬಾಲ್, ಅಮೆರಿಕನ್ ಫುಟ್‌ಬಾಲ್ ಮೂರರಲ್ಲೂ ಕಾರ್ಡಿನ ಮುಂದಿನ ಹಕ್ಕುಗಳು ಫೆನಾಟಿಕ್ಸ್ ಪಾಲಾದವು. ಹತ್ತಾರು ವರ್ಷ ಬೇಸ್‌ಬಾಲ್ ಕಾರ್ಡು ಮಾಡುತ್ತಿದ್ದ ಟಾಪ್ಸ್ ಷೇರುಪೇಟೆಗೆ ಬರಲು ಸಜ್ಜಾಗಿತ್ತು. ಹಕ್ಕು ಫೆನಾಟಿಕ್ಸ್ ಪಾಲಾದ ಸುದ್ದಿ ಹೊರಬಿದ್ದ ಕೂಡಲೇ ಷೇರುಪೇಟೆಗೆ ಬರುವ ಆ ಯೋಜನೆ ಮುರಿದುಬಿತ್ತು. 2022ರ ಜನವರಿಯಲ್ಲಿ ಸುಮಾರು 50 ಕೋಟಿ ಡಾಲರಿಗೆ ಟಾಪ್ಸ್ ಅನ್ನೇ ಫೆನಾಟಿಕ್ಸ್ ಕೊಂಡುಕೊಂಡಿತು. 2023ರಲ್ಲಿ ಪಾನಿನಿ ಏಕಸ್ವಾಮ್ಯದ ಆರೋಪ ಹೊರಿಸಿ ಕೋರ್ಟಿಗೆ ಹೋಯಿತು, ಫೆನಾಟಿಕ್ಸ್ ಪ್ರತಿದಾವೆ ಹೂಡಿತು. 2025-26ರ ಸೀಸನ್‌ನಿಂದ ಎನ್‌ಬಿಎ ಕಾರ್ಡು ಟಾಪ್ಸ್ ಹೆಸರಿನಲ್ಲಿ ಬರುತ್ತಿದೆ.

ಷೇರಿನ ಲೆಕ್ಕ ಬಲ್ಲವರಿಗೆ ಇಲ್ಲಿನ ಅಪಾಯ ತಟ್ಟನೆ ಹೊಳೆಯುತ್ತದೆ. ಒಂದು ಆಟದ ಅಧಿಕೃತ ಕಾರ್ಡು ಎಷ್ಟು ಅಚ್ಚಾಗಬೇಕು, ಬಾಕ್ಸಿಗೆ ಎಷ್ಟು ದರ, ಒಂದೇ ಫೋಟೊ ಎಷ್ಟು ಬಣ್ಣದಲ್ಲಿ ಬರಬೇಕು, ಎಲ್ಲವನ್ನೂ ಒಂದೇ ಕಂಪನಿ ತೀರ್ಮಾನಿಸುತ್ತದೆ. ಲೀಗ್‌ಗೂ ಸಂಘಕ್ಕೂ ಕೊಟ್ಟ ದುಬಾರಿ ಹಣ ಹಿಂದಕ್ಕೆ ಬರಬೇಕಾದದ್ದು ನಮ್ಮ ಜೇಬಿನಿಂದಲೇ. ಈ ವರ್ಷ ಹತ್ತೇ ಹತ್ತು ಎಂದು ನಂಬರು ಹಾಕಿ ಮಾರಿದ ಬಣ್ಣದ ಪಕ್ಕದಲ್ಲಿ ಮುಂದಿನ ವರ್ಷ ಇನ್ನೈದು ಹೊಸ ಬಣ್ಣ ಬಂದರೆ ತಡೆಯುವವರಿಲ್ಲ. ದರ ಹೆಚ್ಚಾಯಿತು ಎಂದು ಬೇರೆ ಕಂಪನಿಯ ಅಧಿಕೃತ ಕಾರ್ಡಿಗೆ ಹೋಗೋಣವೆಂದರೆ ಅಂಥದ್ದೇ ಇಲ್ಲ.

ಪೈಪೋಟಿ ಇದ್ದರೆ ಎಲ್ಲ ಸರಿಹೋಗುತ್ತದೆ ಎಂದೂ ನಾನು ಹೇಳಲಾರೆ. ಫ್ಲೀರ್ ಕಂಪನಿ 1975ರಲ್ಲಿ ಟಾಪ್ಸ್‌ನ ಏಕಸ್ವಾಮ್ಯದ ವಿರುದ್ಧ ದಾವೆ ಹೂಡಿತು, 1981ರಲ್ಲಿ ಫ್ಲೀರ್ ಮತ್ತು ಡಾನ್‌ರಸ್ ಬೇಸ್‌ಬಾಲ್ ಕಾರ್ಡು ತಂದವು, 1989ರಲ್ಲಿ ಅಪ್ಪರ್ ಡೆಕ್ ಸೇರಿಕೊಂಡಿತು. ಎಲ್ಲರೂ ಸೇರಿ ಎಷ್ಟು ಅಚ್ಚು ಹಾಕಿದರೆಂದರೆ, ಆ ಕಾಲದ ಬಾಕ್ಸುಗಳು ಈಗಲೂ ಕಾರ್ಡ್ ಶೋಗಳಲ್ಲಿ ಮೇಜಿನ ಕೆಳಗೆ ಅಗ್ಗಕ್ಕೆ ಬಿದ್ದಿರುತ್ತವೆ. ಆದರೂ ಆಗ ಕೊಳ್ಳುವವನಿಗೆ ಬೇಡವೆಂದು ಇನ್ನೊಂದು ಪ್ಯಾಕಿಗೆ ಕೈಹಾಕುವ ಅವಕಾಶವಾದರೂ ಇತ್ತು. ಚಿಕ್ಕವರಿದ್ದಾಗ ಊರಿನಲ್ಲಿ ಬಿಗ್ ಫನ್ ಬಬಲ್‌ಗಮ್ ಜತೆ ಬರುತ್ತಿದ್ದ ಕ್ರಿಕೆಟ್ ಕಾರ್ಡು ಕೂಡಿಟ್ಟವರು ನಾವು. ಲೈಸೆನ್ಸ್ ಎಂಬ ಮಾತೇ ಆಗ ನಮ್ಮ ಕಿವಿಗೆ ಬಿದ್ದಿರಲಿಲ್ಲ. ನನ್ನ ಮಗ ಆ ಮಾತನ್ನು ಚಿಕ್ಕ ವಯಸ್ಸಿಗೇ ಕಲಿಯಬೇಕಾಗಿ ಬಂದದ್ದು ನನಗೆ ನಿಜಕ್ಕೂ ಬೇಸರದ ಸಂಗತಿ.

ಹಾಗಾದರೆ ಹಳೆಯ ಪಾನಿನಿ ಕಾರ್ಡುಗಳ ಗತಿಯೇನು? ಟಾಪ್ಸ್ 2009ರಲ್ಲಿ ಎನ್‌ಬಿಎ ಲೈಸೆನ್ಸ್ ಕಳೆದುಕೊಂಡಿತು, ಆದರೆ ಅದು 2003-04ರಲ್ಲಿ ತಂದ ಲೆಬ್ರಾನ್‌ನ ಕ್ರೋಮ್ ರೂಕಿ ಕಾರ್ಡಿಗೆ ಇಂದಿಗೂ ಗಿರಾಕಿಗಳಿದ್ದಾರೆ. ದೊಡ್ಡ ಆಟಗಾರನ, ಲೈಸೆನ್ಸ್ ಇದ್ದ ವರ್ಷದ, ಮೊದಲ ಕಾರ್ಡು ಉಳಿದುಕೊಳ್ಳುತ್ತದೆ ಎಂಬುದು ನನ್ನ ಅಂದಾಜು. ಮಧ್ಯಮ ಆಟಗಾರರ ಬಣ್ಣಬಣ್ಣದ ನೂರಾರು ಕಾರ್ಡುಗಳ ಮೇಲೆ ನನಗೆ ಭರವಸೆ ಇಲ್ಲ. ಅವನ್ನು ನಮ್ಮ ಲೆಕ್ಕದಲ್ಲಿ ಖರ್ಚು ಎಂದೇ ಬರೆದಿದ್ದೇನೆ.

ಲಾಭ ಬಂದರೂ ಪೂರ್ತಿ ಕೈಗೆ ಸಿಗುವುದಿಲ್ಲ. ಆನ್‌ಲೈನ್‌ನಲ್ಲಿ ಮಾರಿದರೆ ಕಮಿಷನ್, ಕಾರ್ಡಿನ ಸ್ಥಿತಿ ನೋಡಿ ಅಂಕ ಕೊಡುವ ಗ್ರೇಡಿಂಗ್‌ಗೆ ಕಳಿಸಿದರೆ ಅದರ ಶುಲ್ಕ, ಅಂಚೆ, ವಿಮೆ. ಮೇಲಿಂದ ತೆರಿಗೆ ಬೇರೆ: ಅಮೆರಿಕದಲ್ಲಿ ವರ್ಷ ಮೀರಿ ಇಟ್ಟು ಮಾರಿದ ಷೇರಿನ ಲಾಭಕ್ಕೆ ಫೆಡರಲ್ ತೆರಿಗೆ ಗರಿಷ್ಠ ಶೇ 20, ಸಂಗ್ರಹ ವಸ್ತುಗಳ ಲಾಭಕ್ಕೆ ಅದು ಶೇ 28ರವರೆಗೂ ಹೋಗುತ್ತದೆ. ಕೊಂಡ ದಿನದ ರಸೀದಿಗಳನ್ನು ಎತ್ತಿಟ್ಟುಕೊಳ್ಳಿ.

ಮಕ್ಕಳಿಗೆ ಇಷ್ಟವಿದ್ದರೆ ಒಳಗೆ ಏನಿದೆಯೋ ಗೊತ್ತಿಲ್ಲದ ಬಾಕ್ಸ್ ಒಡೆಯುವ ಜೂಜಿಗೆ ಹೋಗದೆ ಅವರು ಮೆಚ್ಚಿದ ಆಟಗಾರನ ಒಂದೇ ಕಾರ್ಡನ್ನು ನೋಡಿ ಕೊಡಿಸಿ. ಕೊಳ್ಳುವ ಮುಂಚೆ ಕಾರ್ಡು ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಲೀಗ್‌ನ ಹೆಸರು, ಆಟಗಾರರ ಸಂಘದ ಹೆಸರು ಎರಡೂ ಇವೆಯೇ ಎಂದು ಓದಿ. ಕಾಲೇಜಿಗೆಂದು ಎತ್ತಿಟ್ಟ ದುಡ್ಡನ್ನು ಮಾತ್ರ ದಯವಿಟ್ಟು ಇದಕ್ಕೆ ಹಾಕಬೇಡಿ. ಭಾವನಿಗೂ ಇದನ್ನೇ ಹೇಳಿದ್ದೇನೆ.