ಸವೆದ ಅಚ್ಚಿನ ಮಾದರಿಯ ಶೀರ್ಷಿಕೆ ಅಕ್ಷರಗಳು: ಕನ್ನಡ ಲಿಪಿಯ ನೆಲೆಯಿಂದ

ಹಳೆಯ ಮುದ್ರಣದ ಸವಕಲು, ಮಸಿಯ ಕೊರತೆ, ಅಂಚಿನ ಒಡಕುಗಳನ್ನು ಉದ್ದೇಶಪೂರ್ವಕವಾಗಿ ಅನುಕರಿಸುವ ಶೀರ್ಷಿಕೆ ಅಕ್ಷರಗಳು ಪುಸ್ತಕದ ಮುಖಪುಟ, ನಾಟಕದ ಭಿತ್ತಿಪತ್ರ, ಚಲನಚಿತ್ರದ ಜಾಹೀರಾತುಗಳಲ್ಲಿ ಬಳಕೆಯಾಗುತ್ತಿವೆ. ಈ ಅನುಕರಣೆ ಗಣಕಯಂತ್ರದೊಡನೆ ಹುಟ್ಟಿದುದಲ್ಲ. ಅಮೆರಿಕದ ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಸಂಸ್ಥೆ 19ನೆಯ ಶತಮಾನದ ಕೊನೆಯಲ್ಲಿ ಹೊರತಂದ, ಮುಂದೆ ‘ಕ್ಯಾಸ್ಲಾನ್ ಆ್ಯಂಟಿಕ್’ ಎಂದು ಹೆಸರಾದ ಮಾದರಿಯಲ್ಲಿ ಅಂಚಿನ ಒರಟುತನವು ಅಚ್ಚುಮೊಳೆಯ ರೂಪದಲ್ಲಿಯೇ ಇತ್ತು. ರೋಮನ್ ಲಿಪಿಗೆ ಒಗ್ಗಿದ ಈ ಕ್ರಮವನ್ನು ಕನ್ನಡಕ್ಕೆ ಹಾಗೆಯೇ ಅಳವಡಿಸಬಹುದೇ ಎಂಬುದು ಪರಿಶೀಲನಾರ್ಹ.

ಕನ್ನಡ ಲಿಪಿಯಲ್ಲಿ ಅಕ್ಷರಗಳನ್ನು ಬೇರ್ಪಡಿಸುವ ಗುರುತುಗಳು ಬಹು ಚಿಕ್ಕವು. ದಕಾರ–ಧಕಾರಗಳನ್ನು ಬುಡದ ಪುಟ್ಟ ಗೆರೆಯೂ ಪಕಾರ–ಷಕಾರಗಳನ್ನು ಒಡಲಿನ ಗೆರೆಯೂ ಬೇರ್ಪಡಿಸುತ್ತವೆ. ಯಾದಗಿರಿ ಸೀಮೆಯ ಊರಹೆಸರುಗಳನ್ನೇ ನಿದರ್ಶನವಾಗಿ ನೋಡಬಹುದು. ‘ಹತ್ತಿಕುಣಿ’ಯಲ್ಲಿ ತಕಾರದ ಒತ್ತು ಅಳಿದರೆ ‘ಹತಿಕುಣಿ’, ಕಕಾರದ ಕೊಂಬು ಅಳಿದರೆ ‘ಹತ್ತಿಕಣಿ’ ಆಗುತ್ತದೆ. ‘ಯಾದಗಿರಿ’ಯ ದಕಾರದ ಬುಡದಲ್ಲಿ ಮಸಿಯ ಕಲೆ ಮೂಡಿದರೆ ಮಹಾಪ್ರಾಣದ ಭ್ರಮೆಯುಂಟಾಗುತ್ತದೆ, ‘ಶಹಾಪುರ’ದ ಪಕಾರದೊಳಗೆ ಗೀರು ಬಿದ್ದರೆ ಅದು ಷಕಾರವೆಂದು ತೋರುತ್ತದೆ. ಆದುದರಿಂದ ಸವಕಲನ್ನು ಅಕ್ಷರದ ದಪ್ಪ ಮೈಗೆ ಸೀಮಿತಗೊಳಿಸಿ, ಒತ್ತು, ಕೊಂಬು, ದೀರ್ಘ, ಸೊನ್ನೆಗಳನ್ನು ಕಾಪಾಡುವುದು ವಿನ್ಯಾಸಕಾರನ ಮೊದಲ ಹೊಣೆ.

ಎರಡನೆಯ ಪ್ರಶ್ನೆ ಪುನರಾವರ್ತನೆಯದು. ಕೈಜೋಡಣೆಯ ಮುದ್ರಣದಲ್ಲಿ ಒಂದೇ ಅಕ್ಷರದ ಹಲವು ಮೊಳೆಗಳು ಬೇರೆಬೇರೆ ಬಗೆಯಲ್ಲಿ ಸವೆಯುತ್ತಿದ್ದವು. ಫಾಂಟಿನಲ್ಲಿ ಅಕ್ಷರಕ್ಕೊಂದೇ ರೂಪವಿದ್ದರೆ ‘ಸುರಪುರ’ದ ಎರಡು ರಕಾರಗಳಲ್ಲಿಯೂ ಒಂದೇ ಒಡಕು ಕಾಣಿಸಿಕೊಂಡು ಕೃತಕತೆ ಬಯಲಾಗುತ್ತದೆ. ಓಪನ್‌ಟೈಪ್ ತಂತ್ರದಲ್ಲಿ ಪರ್ಯಾಯ ರೂಪಗಳನ್ನು ಅಳವಡಿಸಲು ಅವಕಾಶವಿದೆ. ಆದರೆ ಗುಣಿತಾಕ್ಷರ, ಒತ್ತಕ್ಷರಗಳಿಗೂ ಪರ್ಯಾಯಗಳನ್ನು ರಚಿಸಬೇಕಾಗುವುದರಿಂದ ಕನ್ನಡದಲ್ಲಿ ಈ ಶ್ರಮ ಹಲವು ಪಟ್ಟು ಹೆಚ್ಚುತ್ತದೆ.

ಮೂರನೆಯದು ಇತಿಹಾಸದ ಪ್ರಶ್ನೆ. ‘ಹಳೆಯ ಕನ್ನಡ ಮುದ್ರಣ’ ಎಂಬುದು ಏಕರೂಪಿಯಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಸೆರಾಂಪುರದಲ್ಲಿ ಮುದ್ರಣಗೊಂಡಿತು. 1843ರಲ್ಲಿ ಆರಂಭವಾದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು. ಅಲ್ಲಿರುವುದು ಕೈಬರಹ, ಮೊಳೆಯಲ್ಲ. ಕಿಟ್ಟೆಲ್ ನಿಘಂಟು 1894ರಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಮೊಳೆಯಚ್ಚಿನಲ್ಲಿ ಹೊರಬಂದಿತು. ಹೀಗಿರುವಾಗ ‘ಮಂಗಳೂರ ಸಮಾಚಾರ’ವನ್ನು ನೆನಪಿಸುವ ಮುಖಪುಟಕ್ಕೆ ಮುರಿದ ಸೀಸದ ಮೊಳೆಯ ಅಕ್ಷರವನ್ನು ಬಳಸುವುದು ಇತಿಹಾಸಕ್ಕೆ ಎಸಗುವ ಅಪಚಾರವೇ ಸರಿ. ಕಲ್ಲಚ್ಚಿನ ಹಳಮೆಗೆ ಬರಹದ ಓಟ, ಮಸಿಯ ಹರಡುವಿಕೆಗಳು ಆಧಾರವಾಗಬೇಕು.

ಒಟ್ಟಾರೆ, ಇಂತಹ ಅಕ್ಷರಗಳು ದೊಡ್ಡ ಗಾತ್ರದ, ಒಂದೆರಡು ಪದಗಳ ಶೀರ್ಷಿಕೆಗೆ ಒಪ್ಪುತ್ತವೆ. ಒಡಲ ಬರಹಕ್ಕೂ ಊರಿನ ನಾಮಫಲಕಕ್ಕೂ ಇವು ಸಲ್ಲವು. ಪ್ರಾಚೀನ ಕೃತಿಗಳ ಸಂಪಾದಿತ ಪಾಠಗಳಲ್ಲಂತೂ ಅಲಂಕಾರದ ಒಡಕು ಪಾಠಾಂತರವೆಂಬ ಸಂದೇಹಕ್ಕೆ ಎಡೆಮಾಡಿಕೊಡುತ್ತದೆ. ಅಕ್ಷರಕ್ಕೆ ವಯಸ್ಸನ್ನು ಆರೋಪಿಸುವ ಮುನ್ನ ಆ ಲಿಪಿ ನಿಜವಾಗಿ ಸವೆದ ಬಗೆಯನ್ನು ಅರಿಯುವುದು ಅಗತ್ಯ. ಈ ಅರಿವನ್ನು ಒದಗಿಸುವ ಹೊಣೆ ಲಿಪಿ ಹಾಗೂ ಗ್ರಂಥಸಂಪಾದನೆಯನ್ನು ಬೋಧಿಸುವ ಕನ್ನಡ ವಿಭಾಗಗಳದೂ ಆಗಿದೆ.