ಶ್ರೀಶೈಲ ಪಾದಯಾತ್ರೆ: ಕರ್ನೂಲಿನಲ್ಲಿ ಒಂದು ದಿನ ನಿಲ್ಲಿರಿ



ಯುಗಾದಿ ಹತ್ತಿರ ಬಂತೆಂದರೆ ನಮ್ಮ ವಾರ್ಡಿನಲ್ಲಿ ಶ್ರೀಶೈಲದ ಮಾತು ಶುರುವಾಗುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು ಕಡೆಯ ಭಕ್ತರು ಕಂಬಿ ಹೊತ್ತು ಮಲ್ಲಯ್ಯನ ದರ್ಶನಕ್ಕೆ ನಡೆದು ಹೋಗುವುದು ತಲೆತಲಾಂತರದಿಂದ ಬಂದದ್ದು. ಭ್ರಮರಾಂಬೆಯನ್ನು ಮನೆಮಗಳೆಂದು ತಿಳಿದು ಸೀರೆ, ಕುಪ್ಪಸ ಒಯ್ಯುವ ತಾಯಂದಿರೂ ಇದ್ದಾರೆ. ಒಮ್ಮೆ ರೋಗಿಯೊಬ್ಬರ ತಾಯಿ ನನ್ನನ್ನು ಕೇಳಿದರು: "ಸಿಸ್ಟರ್, ನಡಕೋತ ಹೊಂಟವರು ನಡುವ ಊರಾಗ ಒಂದು ದಿನ ಕುಂತ್ರ ಹರಕಿ ಮುರದಂಗ ಅಲ್ಲೇನ್ರಿ?"

ಅಲ್ಲ. ವಿಶ್ರಾಂತಿಯೂ ಯಾತ್ರೆಯ ಒಂದು ಭಾಗ. ಅದು ಯಾಕೆ, ಆ ದಿನ ಏನು ಮಾಡಬೇಕು ಎಂಬುದೇ ಈ ಪಾಠ.

ಕರ್ನೂಲೇ ಯಾಕೆ?

ರಾಯಚೂರು ದಾಟಿ ಹೋಗುವ ಬಹಳ ಜನರಿಗೆ ತುಂಗಭದ್ರೆಯ ದಂಡೆಯ ಕರ್ನೂಲು ದಾರಿಯಲ್ಲಿ ಸಿಗುವ ಕೊನೆಯ ದೊಡ್ಡ ಪಟ್ಟಣ. ಅಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದ ದೊಡ್ಡ ಸರ್ಕಾರಿ ಆಸ್ಪತ್ರೆ ಇದೆ, ಔಷಧ ಅಂಗಡಿಗಳಿವೆ, ಶ್ರೀಶೈಲಕ್ಕೆ ಬಸ್ಸಿದೆ. ಮುಂದೆ ಆತ್ಮಕೂರು, ವೆಂಕಟಾಪುರ ದಾಟಿದರೆ ನಲ್ಲಮಲ ಕಾಡು. ನಾಗಲೂಟಿ, ಭೀಮನಕೊಳ್ಳ, ಕೈಲಾಸ ದ್ವಾರದ ದಾರಿ ಕಲ್ಲು, ಏರು, ಇಳಿಜಾರಿನದು. ಅಲ್ಲಿ ಕಾಲು ಕೈಕೊಟ್ಟರೆ ವಾಹನ ಬರುವುದು ಕಷ್ಟ. ಆದ್ದರಿಂದ ಕಾಡಿಗೆ ಇಳಿಯುವ ಮೊದಲು ಒಂದು ಹಗಲು, ಒಂದು ರಾತ್ರಿ ಇಲ್ಲಿ ನಿಂತು ದೇಹವನ್ನು ಪರೀಕ್ಷಿಸಿಕೊಳ್ಳಿರಿ.

ನೋವಿಲ್ಲದ ಗಾಯವೇ ಅಪಾಯ

ಐವತ್ತು ದಾಟಿದ ರೈತರೊಬ್ಬರು ನಮ್ಮಲ್ಲಿ ದಾಖಲಾಗಿದ್ದರು. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಬರಿಗಾಲಲ್ಲಿ ನಡೆದಿದ್ದರು. ರಾಯಚೂರು ತಲುಪುವಾಗಲೇ ಹೆಬ್ಬೆರಳ ಕೆಳಗೆ ಬೊಬ್ಬೆ ಎದ್ದಿತ್ತು. ನೋವಿಲ್ಲವೆಂದು ಯಾರಿಗೂ ತೋರಿಸಲಿಲ್ಲ. ಕರ್ನೂಲಿನಲ್ಲಿ ಜೊತೆಯವರು ನಿಂತರೂ ಇವರು ನಿಲ್ಲಲಿಲ್ಲ. ದರ್ಶನವಾಯಿತು, ಊರಿಗೂ ಬಂದರು. ಆದರೆ ಕೀವು ಎಲುಬಿಗೆ ಇಳಿದು ಹೆಬ್ಬೆರಳನ್ನೇ ತೆಗೆಯಬೇಕಾಯಿತು. "ನೋವೇ ಇರಲಿಲ್ಲ ಸಿಸ್ಟರ್" ಎಂದು ಡ್ರೆಸ್ಸಿಂಗ್ ಮಾಡುವಾಗಲೆಲ್ಲ ಹೇಳುತ್ತಿದ್ದರು.

ಅವರು ಹೇಳಿದ್ದು ನಿಜ. ಸಕ್ಕರೆ ಕಾಯಿಲೆ ಬಹಳ ದಿನ ಇದ್ದರೆ ಪಾದದ ನರಗಳು ಜಡವಾಗುತ್ತವೆ. ಮುಳ್ಳು ಚುಚ್ಚಿದರೂ, ಕಾದ ಡಾಂಬರು ಸುಟ್ಟರೂ ತಿಳಿಯುವುದಿಲ್ಲ. ರಕ್ತ ಸಂಚಾರವೂ ಕಡಿಮೆಯಾಗಿದ್ದರೆ ಗಾಯ ಬೇಗ ಮಾಯುವುದಿಲ್ಲ. ಆದ್ದರಿಂದ ಸಕ್ಕರೆ ಕಾಯಿಲೆ ಇರುವವರು ಬರಿಗಾಲಲ್ಲಿ ನಡೆಯಲೇಬಾರದು. ಮೆತ್ತನೆಯ, ಹಳಕಿದ ಪಾದರಕ್ಷೆ ಇರಲಿ. ಹೊಸ ಚಪ್ಪಲಿ ಬೇಡ.

ವಿಶ್ರಾಂತಿಯ ದಿನ ಮಾಡಬೇಕಾದದ್ದು

1. ಪಾದ ತೊಳೆಯಿರಿ. ನೀರು ಬಿಸಿ ಇದ್ದರೆ ಮೊದಲು ಮೊಳಕೈಯಿಂದ ನೋಡಿ. ಬಹಳ ಹೊತ್ತು ನೆನೆಹಾಕಬೇಡಿ. ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒರೆಸಿ.

2. ಬೆಳಕಿನಲ್ಲಿ ಪಾದ ನೋಡಿ. ಅಂಗಾಲು, ಹಿಮ್ಮಡಿ, ಬೆರಳ ಸಂದು ಯಾವುದನ್ನೂ ಬಿಡಬೇಡಿ. ನಿಮಗೆ ಕಾಣದಿದ್ದರೆ ಜೊತೆಯವರು ನೋಡಲಿ. ಕೆಂಪು, ಕಪ್ಪು, ಬಾವು, ವಾಸನೆ, ಒಂದು ಪಾದ ಇನ್ನೊಂದಕ್ಕಿಂತ ಬಿಸಿ ಇರುವುದು, ಇವು ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು.

3. ಬೊಬ್ಬೆಯನ್ನು ಸೂಜಿಯಿಂದ ಒಡೆಯಬೇಡಿ. ತಾನಾಗಿ ಒಡೆದರೆ ಶುದ್ಧ ನೀರಿನಿಂದ ತೊಳೆದು ಶುದ್ಧ ಬಟ್ಟೆ ಕಟ್ಟಿ. ಸುಣ್ಣ, ಬೀಡಿ ಬೂದಿ, ಅರಿಸಿನ ಪುಡಿ ಹಚ್ಚಬೇಡಿ.

4. ಗೋಡೆಗೆ ಅಥವಾ ಗಂಟಿನ ಮೇಲೆ ಕಾಲು ಎತ್ತಿಟ್ಟು ಮಲಗಿ. ಎರಡೂ ಕಾಲಿನ ಸಣ್ಣ ಬಾವು ಇಳಿಯುತ್ತದೆ. ಒಂದೇ ಮೀನಖಂಡ ಬಾತು ನೋಯುತ್ತಿದ್ದರೆ ತಿಕ್ಕಬೇಡಿ, ವೈದ್ಯರಿಗೆ ತೋರಿಸಿ. ರಕ್ತ ಹೆಪ್ಪುಗಟ್ಟಿರಬಹುದು.

5. ನೀರು ಕುಡಿಯಿರಿ. ಮೂತ್ರ ಗಾಢ ಹಳದಿ ಇದ್ದರೆ ಕುಡಿದದ್ದು ಸಾಲದು. ವಾಂತಿ, ಭೇದಿ, ಅತಿಬೆವರಿನಿಂದ ನಿತ್ರಾಣವಾಗಿದ್ದರೆ ಓ.ಆರ್.ಎಸ್. ಪೊಟ್ಟಣ ಬಳಸಿ. ಸಿಗದಿದ್ದರೆ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ ಸಮಮಟ್ಟದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ. ಹೃದಯ, ಮೂತ್ರಪಿಂಡದ ಕಾಯಿಲೆಯವರು ಎಷ್ಟು ಕುಡಿಯಬೇಕೆಂದು ಹೊರಡುವ ಮೊದಲೇ ವೈದ್ಯರಿಂದ ತಿಳಿದುಕೊಳ್ಳಿ.

6. ನಡೆಯಲೇಬೇಕೆಂದು ಅಂಗಡಿಯಲ್ಲಿ ನೋವಿನ ಗುಳಿಗೆ ಕೊಂಡು ನುಂಗಬೇಡಿ. ದೇಹದಲ್ಲಿ ನೀರು ಕಡಿಮೆಯಾದಾಗ ಇಂಥ ಗುಳಿಗೆ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು.

7. ಬಿ.ಪಿ., ಸಕ್ಕರೆಯ ಔಷಧ ಎಣಿಸಿ ನೋಡಿ. ಊರಿಗೆ ಮರಳುವವರೆಗೆ ಸಾಲದಿದ್ದರೆ ಇಲ್ಲಿಯೇ ಕೊಳ್ಳಿ. ಅಲ್ಲಿಯವರದು ತೆಲುಗು, ನಮ್ಮದು ಕನ್ನಡ. ಆದ್ದರಿಂದ ವೈದ್ಯರ ಚೀಟಿ ಕಿಸೆಯಲ್ಲಿರಲಿ. ಇನ್ಸುಲಿನ್ ಇದ್ದರೆ ಒದ್ದೆ ಬಟ್ಟೆ ಸುತ್ತಿ ನೆರಳಿನಲ್ಲಿಡಿ.

8. ಸಕ್ಕರೆ ಕಾಯಿಲೆಯವರು ಹಸಿದು ನಡೆಯಬಾರದು. ಗುಳಿಗೆ ನುಂಗಿ, ಊಟ ಬಿಟ್ಟು ನಡೆದರೆ ರಕ್ತದ ಸಕ್ಕರೆ ಒಮ್ಮೆಲೇ ಇಳಿಯುತ್ತದೆ. ಬೆವರು, ನಡುಕ, ಕಣ್ಣು ಮಂಜಾಗುವುದು ಕಂಡರೆ ಕೂಡಲೇ ಕುಳಿತು ಬೆಲ್ಲ ಅಥವಾ ಸಕ್ಕರೆ ತಿನ್ನಿ.

ಬಿಸಿಲಿನ ಹೊಡೆತ

ಯುಗಾದಿಯ ಹೊತ್ತಿಗೆ ರಾಯಚೂರು, ಕರ್ನೂಲು ಸೀಮೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವುದುಂಟು. ಬೆಳಿಗ್ಗೆ 10ರೊಳಗೆ, ಸಂಜೆ 4ರ ನಂತರ ನಡೆಯಿರಿ. ಮೈ ಸುಡುತ್ತಿದ್ದು ಮಾತು ತೊದಲಿದರೆ, ತಬ್ಬಿಬ್ಬಾದರೆ, ಎಚ್ಚರ ತಪ್ಪಿದರೆ ನೆರಳಿಗೆ ಒಯ್ದು, ಮೈಮೇಲೆ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಕರ್ನಾಟಕ, ಆಂಧ್ರ ಎರಡರಲ್ಲೂ ಅದೇ ಸಂಖ್ಯೆ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಮುಂದೆ ಬಸ್ಸಿನಲ್ಲಿ ಹೋಗಬೇಕಾದವರು

ಸಕ್ಕರೆ ಕಾಯಿಲೆಯ ಜೊತೆ ಪಾದದಲ್ಲಿ ಗಾಯ ಆದವರು, ಜ್ವರ ಇರುವವರು, ಎದೆನೋವು ಅಥವಾ ಏದುಸಿರು ಕಂಡವರು, ಒಂದೇ ಕಾಲು ಬಾತವರು ಕಾಡುದಾರಿ ಹಿಡಿಯಬಾರದು. ಮೊದಲು ಕರ್ನೂಲಿನ ಆಸ್ಪತ್ರೆಗೆ ತೋರಿಸಿ. ವೈದ್ಯರು ಒಪ್ಪಿದರೆ ಆತ್ಮಕೂರು, ದೋರ್ನಾಲ ಮೇಲಿನ ಬಸ್ಸಿನಲ್ಲಿ ಹೋಗಿ ದರ್ಶನ ಮಾಡಿರಿ.

ಜೊತೆಗಿರುವವರಿಗೆ ಒಂದು ವಿನಂತಿ. "ಎಲ್ಲಾರೂ ನಡದಾರ, ನೀನೊಬ್ಬನs ಕುಂತಿ" ಎಂದು ಯಾರನ್ನೂ ಹಂಗಿಸಬೇಡಿ. ಆ ಒಂದು ಮಾತಿಗೆ ಅಂಜಿ ಗಾಯ ಮುಚ್ಚಿಡುವವರು ಬಹಳ. ಅದರ ಬದಲು ಪ್ರತಿ ರಾತ್ರಿ ಮೂರು ಮಾತು ಕೇಳಿರಿ: ಪಾದ ನೋಡಿಕೊಂಡಿರಾ? ಗುಳಿಗೆ ತೆಗೆದುಕೊಂಡಿರಾ? ನೀರು ಸಾಕಷ್ಟು ಕುಡಿದಿರಾ?

ನಮ್ಮ ಶರಣರು ದೇಹವನ್ನೇ ಗುಡಿಯೆಂದು ಕಂಡವರು. ಆ ಗುಡಿಯನ್ನು ಕೆಡವಿ ಇನ್ನೊಂದು ಗುಡಿಗೆ ಹೋಗುವುದು ಬೇಡ. ಈ ವರ್ಷ ಹೊರಡುವ ಮನಸ್ಸಿದ್ದರೆ ಡಿಸ್ಚಾರ್ಜ್ ಆಗುವ ದಿನವೇ ವೈದ್ಯರಿಗೆ ಹೇಳಿ, ನಡೆಯಬಹುದೇ ಎಂದು ಕೇಳಿರಿ. ಪಾದ ನೋಡಿಕೊಳ್ಳುವ ಕ್ರಮವನ್ನು ವಾರ್ಡಿನ ಸಿಸ್ಟರ್ ನಿಮ್ಮ ಮನೆಯವರ ಎದುರಿಗೇ ತೋರಿಸಿಕೊಡುತ್ತಾರೆ.

ಮಲ್ಲಯ್ಯನ ದಯದಿಂದ ಸುಖವಾಗಿ ಹೋಗಿ, ಸುಖವಾಗಿ ಬನ್ನಿರಿ.